ನೂಲೆಳೆಯಷ್ಟು

ಸಂಖದ ಕಡೆಯ ಬಿಳಿಜೋಳದ ಹೊಲಗಳನ್ನು ಸವರಿ ಬರುವ ಚಳಿಗಾಳಿ ತಣ್ಣಗಾಗಿ, ದೊಡ್ಡಿಯೊಳಗಿನ ಮಾಡಗ್ಯಾಳ ಕುರಿಗಳ ಕೊರಳಗಂಟೆಯೂ ನಿದ್ದೆಗೆ ಜಾರಿ, ಒಳಮನೆಯಲ್ಲಿ ಅವ್ವನ ಉಸಿರು ಒಂದೇ ಹದಕ್ಕೆ ಬಂದ ಮೇಲೆ, ಜತ್ತ ತಾಲೂಕಿನ ಈ ಬೋಳುದಿಬ್ಬಗಳ ನಡುವೆ ಉಳಿಯುವ ಮೌನಕ್ಕೆ ಒಂದು ಮೈಯಿರುತ್ತದೆ, ತೂಕವಿರುತ್ತದೆ. ಕೆರೆಯ ನೀರಿಗೆ ಎಲೆದೀಪ ಬಿಡುವವರಂತೆ ಕೈ ಸಡಿಲಿಸಿ, ಭೀಮಸೇನ ಜೋಶಿಯವರ ಹಳೆಯ ಎಲ್‌ಪಿಯ ಮೇಲೆ ಪಿನ್ನು ಇಳಿಸುತ್ತೇನೆ. ಮೊದಲು ಚಿಟಚಿಟ, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ. ಆಮೇಲೆ ತಂಬೂರಿ.

ಎಷ್ಟೋ ದಿನ ಆ ತಂಬೂರಿ ನನ್ನ ಮನೆಯಲ್ಲಿ ಕಂಬಳಿ ಹೊದ್ದುಕೊಂಡೇ ನುಡಿಯುತ್ತಿತ್ತು. ಪಿನ್ನಿನ ಬಾಲಕ್ಕಂಟಿದ ಎಳ್ಳುಕಾಳಿನಂಥ ಆಯಸ್ಕಾಂತ ಗೀರಿನ ಏರುತಗ್ಗುಗಳಿಗೆ ನಡುಗುತ್ತದೆ, ಪಕ್ಕದ ತಂತಿಸುರುಳಿಯಲ್ಲಿ ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟೇ ವಿದ್ಯುತ್ತು ಮಿಸುಕುತ್ತದೆ; ಆ ಮಿಸುಕಾಟಕ್ಕೆ ಎದುರಾಗಿ ಆಂಪ್ಲಿಫೈಯರು 47,000 ಓಮ್ಸಿನ ಹೊರೆ ಒಡ್ಡಿ ನಿಲ್ಲುತ್ತದೆ. ನಡುವಿನ ವಯರೂ ಸುಮ್ಮನಿರುವುದಿಲ್ಲ, ಸಾಮಾನ್ಯದ್ದಾದರೆ ಮೀಟರಿಗೆ ನೂರು ಪಿಕೊಫ್ಯಾರಡ್ ಆಸುಪಾಸು ಧಾರಕತೆ ತನ್ನದೂ ಸೇರಿಸುತ್ತದೆ. ಅದು ಹೆಚ್ಚಾದಂತೆ ಸುರುಳಿಯೂ ವಯರೂ ಕೂಡಿ ತಾರದ ಒಂದು ಮೂಲೆಯಲ್ಲಿ ತಾವೇ ಕೀರಲು ಎಬ್ಬಿಸುತ್ತವೆ, ಅದರಾಚೆಗಿನ ಎಳೆಯ ಸ್ವರಗಳೆಲ್ಲ ಮಂಜಿನಲ್ಲಿ ಮುಳುಗುತ್ತವೆ. ಆಯಸ್ಕಾಂತದ ಬದಲು ಸುರುಳಿಯೇ ನಡುಗುವ ಮೂವಿಂಗ್ ಕಾಯಿಲ್ ಜಾತಿಯ ಕಾರ್ಟ್ರಿಜ್ಜಿಗೆ, ಎಂದರೆ ಪಿನ್ನಿನ ಗೂಡಿಗೆ, ನೂರು ಓಮ್ಸಿನ ಹೊರೆಯೂ ಸಾಕಾಗುತ್ತದಂತೆ. ಅದರ ಬೆಲೆ ಮಾತ್ರ ಒಳ್ಳೆ ಫಸಲು ಕಂಡ ದಾಳಿಂಬೆ ತೋಟದವರಿಗೇ ಸರಿ.

ಮಿರಜಿನ ಒಂದು ಅಂಗಡಿಯಲ್ಲಿ ಹೀಗೇ ಮುಚ್ಚಿಕೊಂಡ ತಂಬೂರಿಯೊಂದನ್ನು ಕಂಡಿದ್ದೆ. ನಮ್ಮ ಬಡಗಣ ದಿಕ್ಕಿನ ಮಂಗಳವೇಢೆ, ಪಂಢರಪುರದ ಬಯಲಲ್ಲಿ ಬಿಸಿಲು ಕುಡಿದು ಒಣಗಿದ ಸೋರೆಬುರುಡೆ. ಅದರ ಮುಂದೆ, ಒಂದು ಕಾಲಕ್ಕೆ ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ವಂಶದ ಮುದುಕ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಯ ಕೆಳಗೊಂದು ಹತ್ತಿಯ ನೂಲೆಳೆ ತೂರಿಸಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತ, "ಜವಾರಿ ಇನ್ನಾ ಬಾಯಿ ತೆರದಿಲ್ರಿ" ಎಂದ. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ಈ ಮಣ್ಣಿನದು, ನಾಟಿಯದು. ಅವನ ಬಾಯಲ್ಲಿ ಅದು ತಂತಿಯ ಝೇಂಕಾರ. ಎರಡೂ ಬೇರೆ ಮಾತುಗಳೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಗುಡ್ಡಾಪುರದ ದಾನಮ್ಮನ ಗುಡಿಯಲ್ಲಿ ಅವ್ವ ದೀಪದ ಬತ್ತಿ ಸರಿಸುವುದೂ ಹಾಗೇ, ತುಸು ಹೆಚ್ಚಾದರೆ ಹೊಗೆ, ತುಸು ಕಡಿಮೆಯಾದರೆ ಎಣ್ಣೆಯಲ್ಲೇ ಮುಳುಗಡೆ. ಮುದುಕನ ಬೆರಳು ಎಲ್ಲೋ ನಿಂತಿತು. ಬುರುಡೆಯೊಳಗಿನ ಕತ್ತಲೆಲ್ಲ ಒಮ್ಮೆಲೆ ಜೇನುಗೂಡಾಯಿತು.

ಅದೇ ಮಿರಜಿನ ಮೀರಾಸಾಹೇಬರ ದರ್ಗಾದ ಆವರಣದಲ್ಲಿ, 1937ರಲ್ಲಿ ತೀರಿಕೊಂಡ ಗಾಯಕ ಅಬ್ದುಲ್ ಕರೀಂ ಖಾನರು ಮಲಗಿದ್ದಾರೆ. ಅವರದೊಂದು ಪ್ಲೇಟು ಕೇಳಿಯೇ ಬಾಲಕ ಭೀಮಸೇನ ಗುರುವನ್ನರಸುತ್ತ ಮನೆ ಬಿಟ್ಟ. ಕೊನೆಗೆ ಸಿಕ್ಕವರು ಖಾನರ ಶಿಷ್ಯರಾದ ಸವಾಯಿ ಗಂಧರ್ವರು, ಕುಂದಗೋಳದಲ್ಲಿ. ಕೀಲಿ ಕೊಡುವ ಪೆಟ್ಟಿಗೆಗಳ ಕಾಲ ಅದು. ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಉಕ್ಕಿನ ಪಿನ್ನು, ಮೇಲೊಂದು ಕಹಳೆ. ಅರಗಿನ ತಟ್ಟೆಯಲ್ಲಿ ಗೀರಾಗಿ ಒಣಗಿದ್ದ ಉಸಿರು ಒಬ್ಬ ಹುಡುಗನ ಎದೆಗೆ ಹೊಕ್ಕು, ಅಲ್ಲಿ ಬೆಳೆದು ಮಾಗಿ, ಮತ್ತೆ ಗೀರಾಗಿ ಈ ಎಲ್‌ಪಿಗೆ ಇಳಿದು, ಇಲ್ಲಿ ನನ್ನ ಪಿನ್ನಿನ ಕೆಳಗೆ ಸುತ್ತುತ್ತಿದೆ ಎಂದುಕೊಂಡಾಗ ಕೈ ತಾನಾಗಿ ಹಿಂಜರಿಯುತ್ತದೆ.

ಮೊನ್ನೆ ರಾತ್ರಿ ಮಾರುದ್ದದ ವಯರು ಕಳಚಿ ಮೊಳದುದ್ದದ್ದು ಹಾಕಿದೆ. ಅಷ್ಟೇ ಮಾಡಿದ್ದು. ಚಿಟಚಿಟ ಸರಿದು ತಂಬೂರಿ ಎದ್ದಿತು. ಖರ್ಜದ ತಂತಿ ನೆಲವನ್ನು ಮುಟ್ಟಿತು, ಜೋಡಿತಂತಿಗಳ ಮೇಲೆ ಯಾರೂ ಮೀಟದ ಗಾಂಧಾರವೊಂದು ಹೊಂಬಣ್ಣದ ಧೂಳಿನಂತೆ ತೇಲಿತು, ಗೋಡೆ ಒಂದಿಷ್ಟು ಹಿಂದೆ ಸರಿದುಕೊಂಡಿತು.

ಎಷ್ಟು ಗಟ್ಟಿಯಾಗಿ ಹಚ್ಚಿದರೂ ಎಚ್ಚರಾಗದ ಅವ್ವ ಒಳಮನೆಯಿಂದ ನಿದ್ದೆಗಣ್ಣಲ್ಲೇ ಕೇಳಿದಳು, "ಯಾರ ಬಂದಾರೋ?"

ಹಾಡು ಇನ್ನೂ ಶುರುವಾಗಿರಲಿಲ್ಲ.