ನೆಲ ಡೊಂಕಾಗಿರುವಲ್ಲಿ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕಟ್ಟಿದವರು ಸಮನಾದ ನೆಲದ ಮೇಲೆ ಕುಳಿತು ಕುಣಿತ ನೋಡುತ್ತಿದ್ದವರಿರಬೇಕು. ಸಲಕರಣೆಯಿಲ್ಲವೆಂದು ಕೈಕಟ್ಟಿ ಕೂಡುವವರ ಬಾಯಿ ಮುಚ್ಚಿಸಲು ಅದು ಒಳ್ಳೆಯ ಮಾತೆಂಬುದೇನೋ ನಿಜ. ಆದರೆ ನೆಲ ದಿಟವಾಗಿಯೂ ಡೊಂಕಾಗಿದ್ದರೆ? ಆಗ ಕುಣಿಯುವವಳು ಮಾಡಬೇಕಾದುದೇನು, ನೋಡುವವರು ಮಾಡಬೇಕಾದುದೇನು? ಧ್ವನಿಮುದ್ರಣದ ಕಸುಬಿನಲ್ಲಿ ಈ ಪ್ರಶ್ನೆ ಮೊದಲಿನಿಂದಲೂ ಇದೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ ಮೈಕು ಎಂಬುದೇ ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆಲುದನಿಯ ವಾದ್ಯ ಹತ್ತಿರಕ್ಕೆ, ಅಬ್ಬರದ ವಾದ್ಯ ಗೋಡೆಯ ಕಡೆಗೆ. ತಾರಸ್ಥಾಯಿಗೆ ಏರುವಾಗ ಹಾಡುಗಾರರೇ ತುಸು ಹಿಂದೆ ಸರಿಯಬೇಕು. ಇಷ್ಟೆಲ್ಲಕ್ಕೂ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡ ಈ ಗಾಯಕಿ ತಾಸುಗಟ್ಟಲೆ ಹರಡಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿದರು. ಏನನ್ನು ಬಿಡಬೇಕೆಂಬುದನ್ನು ಯಂತ್ರ ಹೇಳಿಕೊಡಲಿಲ್ಲ, ಅವರೇ ನಿಶ್ಚಯಿಸಬೇಕಾಯಿತು.

ಸಮನಾದ ನೆಲದ ಮೇಲೂ ಒಮ್ಮೊಮ್ಮೆ ಇಂಥ ನಿಶ್ಚಯ ಬೇಕಾಗುವುದುಂಟು. 1966ರಲ್ಲಿ ಲಂಡನ್ನಿನ ಇ.ಎಂ.ಐ. ಸ್ಟುಡಿಯೋದಲ್ಲಿ ಜೆಫ್ ಎಮೆರಿಕ್ ಎಂಬ ಇಪ್ಪತ್ತು ವರ್ಷದ ತರುಣ ಬೀಟಲ್ಸ್ ತಂಡದ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಅಲ್ಲಿಯ ಕಟ್ಟಳೆಯನ್ನು ಮೀರಿ ಮೈಕನ್ನು ಅದರ ಹತ್ತಿರಕ್ಕೆ ತಂದ. ಅವನಿಗೆ ಯಂತ್ರಗಳ ಕೊರತೆಯಿರಲಿಲ್ಲ, ಅಪ್ಪಣೆಯ ಕೊರತೆಯಿತ್ತು.

ನಮ್ಮ ಕಡೆಯ ಡೊಂಕು ಬೇರೆಯದು. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆ ತತ್ವಪದಗಳ ಸೀಮೆ. ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ಪದಗಳು ಏಕತಾರಿ, ದಮ್ಮಡಿ, ತಾಳ ಇಷ್ಟನ್ನೇ ನಂಬಿಕೊಂಡು ಬಾಯಿಂದ ಬಾಯಿಗೆ ಉಳಿದುಬಂದಿವೆ. 1966ರಲ್ಲಿಯೇ ಕಲಬುರ್ಗಿಗೆ ಆಕಾಶವಾಣಿ ಬಂದಿತು. ಆದರೆ ಎಪ್ಪತ್ತು ದಾಟಿದ ಭಜನೆಯ ಮುದುಕನಿಗೆ ಬಸ್ಸು ಹತ್ತಿ ಅಷ್ಟು ದೂರ ಹೋಗುವುದೂ ಒಂದು ಪ್ರಯಾಣವೇ.

ಅಂಥ ಹಿರಿಯರೊಬ್ಬರ ಪದಗಳನ್ನು ನನ್ನ ಮೂವರು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಹಿಡಿಯುತ್ತಿದ್ದುದನ್ನು ಹೋದ ಚಳಿಗಾಲದಲ್ಲಿ ನೋಡಿದೆ. ಕೆಳಗೆ ಶಹಾಬಾದಿನ ಫರಸಿ, ಮೇಲೆ ತಗಡು. ಕೆಮ್ಮಿದರೂ ಎರಡು ಸಲ ಕೇಳಿಸುವ ಮನೆ. ಹುಡುಗರು ಹಗ್ಗ ಕಟ್ಟಿ ಸುತ್ತಲೂ ಕೌದಿಗಳನ್ನು ಇಳಿಬಿಟ್ಟಿದ್ದರು. ಇದೇನೆಂದು ಕೇಳಿದರೆ, “ಖೋಲಿ ಭಾಳ ಒದರತದ್ರಿ ಸರ, ಅದಕ್ಕ” ಎಂದರು. ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿ, ಗೋಡೆಗೆ ಬಡಿದು ಮರಳಿ ಬರುವ ಧ್ವನಿಯನ್ನು ಹೀರಿಕೊಳ್ಳುತ್ತದೆ. ಮೊಬೈಲು ಜೋಳದ ಚೀಲದ ಮೇಲಿತ್ತು. ಏಕತಾರಿ ಅದರ ಪಕ್ಕದಲ್ಲಿ, ಹಾಡುವವರು ಮೊಳ ದೂರದಲ್ಲಿ, ತಾಳದವನು ಹೊಸ್ತಿಲಲ್ಲಿ. 1902ರ ಕಹಳೆಯ ವಿಷಯ ಅವರಿಗೆ ಯಾರೂ ಹೇಳಿದ್ದಿಲ್ಲ. ಹಾಡಿಸಿ, ಕೇಳಿ, ಸರಿಸಿ, ಮತ್ತೆ ಹಾಡಿಸಿ ಆ ಜಾಗಗಳನ್ನು ತಾವೇ ಕಂಡುಕೊಂಡಿದ್ದರು. ಹಣ ಕೊಟ್ಟು ತಂದ ಯಂತ್ರವಿದ್ದಿದ್ದರೆ ಇಷ್ಟು ಸಲ ಕೇಳುತ್ತಿದ್ದರೋ ಇಲ್ಲವೋ. ಕೇಳದೆ ಗತ್ಯಂತರವಿರಲಿಲ್ಲವಾದ್ದರಿಂದ ಕೇಳಿದರು, ಕೇಳಿದ್ದರಿಂದ ತಿಳಿಯಿತು.

ಇಲ್ಲಿಗೆ ಭಲೆ ಎಂದು ಬೆನ್ನು ತಟ್ಟಿ ಎದ್ದುಬರುವುದು ಸುಲಭ. ಬೆಂಗಳೂರಿನ ಮಿತ್ರರೊಬ್ಬರು ಆ ಮುದ್ರಿಕೆ ಕೇಳಿ, “ಎಷ್ಟು ಸಹಜವಾಗಿದೆ! ಸ್ಟುಡಿಯೋದಲ್ಲಿ ಇದು ಕೆಟ್ಟುಹೋಗುತ್ತಿತ್ತು” ಎಂದು ಉದ್ಗರಿಸಿದರು. (ತಮ್ಮ ಮಗಳ ಭರತನಾಟ್ಯದ ಮುದ್ರಣಕ್ಕೆ ಅವರು ಕೌದಿಯನ್ನು ಹುಡುಕಿರಲಿಲ್ಲ.) ಕೌದಿಗೆ ತನ್ನದೇ ಮಿತಿಯುಂಟು. ಮಂದ್ರದ ಗುಂಯ್ಗುಡುವಿಕೆಯನ್ನು ಅದು ತಡೆಯದು. ರಸ್ತೆಯ ಲಾರಿಯನ್ನೂ ತೋಟದ ಪಂಪಿನ ಸದ್ದನ್ನೂ ತಡೆಯದು. ಆ ಹಿರಿಯರ ಕಂಠದಲ್ಲಿ ಕೆಳಸ್ವರಕ್ಕೆ ಇಳಿದಾಗ ಬರುವ ಒಂದು ನಡುಕವಿದೆ. ಮುದ್ರಿಕೆಯಲ್ಲಿ ಅದು ಪಂಪಿನ ಸದ್ದಿನೊಳಗೆ ಮುಳುಗಿಹೋಗಿದೆ. ಆ ನಷ್ಟಕ್ಕೆ ಸಹಜತೆಯೆಂಬ ಹೆಸರಿಡಲು ನನಗೆ ಮನಸ್ಸಾಗದು. ಕೊರತೆಯೇ ಪ್ರತಿಭೆಯ ತಾಯಿಯಾಗಿದ್ದರೆ ನಮ್ಮ ಈ ಮೂರು ತಾಲ್ಲೂಕುಗಳು ಇಷ್ಟು ಹೊತ್ತಿಗೆ ಗಂಧರ್ವಲೋಕವಾಗಬೇಕಿತ್ತು.

ಒಳ್ಳೆಯ ಯಂತ್ರ ಬರಲಿ, ಆಮೇಲೆ ನೋಡೋಣ ಎಂದು ಕೂಡುವ ಹಕ್ಕು ಆ ಹುಡುಗರಿಗಿಲ್ಲ, ಏಕೆಂದರೆ ಹಾಡುವವರು ಕಾಯಲಾರರು. ಆದರೆ ಅವರ ಕೌದಿಯನ್ನು ಕೊಂಡಾಡಿ, ಇನ್ನೇನೂ ಬೇಕಿಲ್ಲವೆಂದು ಕೈತೊಳೆದುಕೊಳ್ಳುವ ಹಕ್ಕು ನಮಗೆಲ್ಲಿಯದು? ಒಂದು ಸಾಧಾರಣ ಮೈಕು, ಸದ್ದಿಲ್ಲದ ಒಂದು ಖೋಲಿ, ಇವು ತಾಲ್ಲೂಕು ಸ್ಥಳದ ಗ್ರಂಥಾಲಯಕ್ಕೋ ಕಾಲೇಜಿಗೋ ಮೀರಿದ ಭಾರವೇನಲ್ಲ. ಹಾಗೆಂದು ಕಾಲೇಜೊಂದರಲ್ಲಿ ಪ್ರಸ್ತಾಪಿಸಿದಾಗ, ಮೊಬೈಲಿನಲ್ಲಿ ಆಗುತ್ತಿದೆಯಲ್ಲ, ಮತ್ತೇಕೆ ಖರ್ಚು ಎಂಬ ಉತ್ತರ ಬಂದಿತು. ಹುಡುಗರ ಜಾಣತನವೇ ಅವರಿಗೆ ಅಡ್ಡಬಂದದ್ದು ಹೀಗೆ.

ಹಿರಿಯರಿಗೆ ಬಾಯಿಪಾಠವಿರುವ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಉಳಿದಿವೆ. ಮಳೆ ಹಿಡಿದರೆ ತಗಡಿನ ಕೆಳಗೆ ಏನೂ ಕೇಳಿಸದಾದ್ದರಿಂದ ಹುಡುಗರು ಈಗ ರಾತ್ರಿ ಹತ್ತರ ಮೇಲೆ, ಪಂಪು ನಿಂತ ಬಳಿಕ, ಕೂಡುತ್ತಿದ್ದಾರೆ.