ಯಾರಿಗೂ ಹೇಳಬೇಡಿ, ಮಿಸ್

ಮಕ್ಕಳು ನಮ್ಮಂಥ ಉಪಾಧ್ಯಾಯಿನಿಯರ ಹತ್ತಿರ ಬಂದು ಹೇಳುವ ಮಾತುಗಳಿಗೆ ಲೆಕ್ಕವಿಲ್ಲ. ಪೆನ್ನು ಕಳೆಯಿತು, ಅವನು ಅಣಕಿಸಿದ, ಇವಳು ಜಡೆ ಎಳೆದಳು, ಬಿಸಿಯೂಟದ ಸಾಂಬಾರಿನಲ್ಲಿ ಉಪ್ಪು ಜಾಸ್ತಿ. ಇವನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರೂ ನಡೆಯುತ್ತದೆ. ಆದರೆ ಒಂದು ಮಾತು ಬಂದಾಗ ಮಾತ್ರ ಕೈಯಲ್ಲಿರುವ ಸೀಮೆಸುಣ್ಣ ಕೆಳಗಿಟ್ಟು ಕೂರಬೇಕಾಗುತ್ತದೆ. “ಮಿಸ್, ನಿಮಗೊಂದು ವಿಷಯ ಹೇಳ್ತೀನಿ. ಯಾರಿಗೂ ಹೇಳಬೇಡಿ.” ಅದರ ಹಿಂದೆಯೇ ಇನ್ನೊಂದು: “ಆಣೆ ಮಾಡಿ.”

ಆಣೆ ಮಾಡಬೇಕೇ, ಬೇಡವೇ? ಮಾಡಿದರೆ ಉಳಿಸಿಕೊಳ್ಳಬೇಕೇ? ಮೂವತ್ತು ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ ವ್ಯಾಕರಣದ ಯಾವ ಪ್ರಶ್ನೆಯೂ ಇಷ್ಟು ಕಷ್ಟವೆನಿಸಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ಪುಣ್ಯಕೋಟಿಯ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಗೋವಿನ ಹಾಡನ್ನು ರಾಗವಾಗಿ ಹಾಡಿದರೆ ಕೊನೆಯ ಬೆಂಚಿನ ತುಂಟರೂ ಸುಮ್ಮನೆ ಕೂತು ಕೇಳುತ್ತಾರೆ. ಹಸು ಕರುವನ್ನು ಬಿಟ್ಟು ಹೊರಡುವಲ್ಲಿಗೆ ಬರುವಾಗ ಒಬ್ಬಿಬ್ಬರ ಕಣ್ಣಾದರೂ ಒದ್ದೆಯಾಗುತ್ತದೆ. ಮಾತು ಕೊಟ್ಟ ಮೇಲೆ ಹುಲಿಯ ಮುಂದೆ ಹೋಗಿ ನಿಲ್ಲಬೇಕಾದರೂ ನಿಲ್ಲಬೇಕು ಎಂಬುದು ಅದರ ನೀತಿ. ಹರಿಶ್ಚಂದ್ರನ ಕಥೆಯ ನೀತಿಯೂ ಅದೇ. ಬೆಳಿಗ್ಗೆ ಇದನ್ನು ಕಲಿಸಿದ ಟೀಚರು ಮಧ್ಯಾಹ್ನ ಒಂದು ಹುಡುಗಿಯ ಗುಟ್ಟು ಕೇಳಿಸಿಕೊಂಡು, ಸಂಜೆ ಅದನ್ನು ಅವಳ ತಾಯಿಯ ಕಿವಿಗೆ ಹಾಕಿದರೆ, ಮಾರನೆಯ ದಿನ ಯಾವ ಮುಖ ಇಟ್ಟುಕೊಂಡು ಪುಣ್ಯಕೋಟಿಯ ಪಾಠ ಮಾಡಬೇಕು?

ಮೊದಲಿಗೆ ಒಂದು ಮಾತು ಒಪ್ಪಿಕೊಳ್ಳೋಣ. ಮಕ್ಕಳ ಹೆಚ್ಚಿನ ಗುಟ್ಟುಗಳು ಮಕ್ಕಳವೇ. ಗೆಳತಿ ಮಾತು ಬಿಟ್ಟಿದ್ದಾಳೆ, ಗಣಿತ ತಲೆಗೆ ಹತ್ತುವುದಿಲ್ಲ, ಯಾರೋ ಒಬ್ಬ ಹುಡುಗ ನೋಡಿ ನಕ್ಕ, ಮೊಡವೆಯಿಂದ ಮುಖ ಹಾಳಾಯಿತು. ಕೇಳಿದ ನಮಗೆ ನಗು ಬರಬಹುದು. ಆದರೆ ಆ ವಯಸ್ಸಿನಲ್ಲಿ ಅದು ಬೆಟ್ಟದಷ್ಟು ಭಾರ. ಅಂಥವನ್ನು ಯಾರಿಗೂ ಹೇಳುವ ಅಗತ್ಯವಿಲ್ಲ, ಹೇಳಲೂಬಾರದು. “ನನ್ನ ಮಗಳು ನನ್ನ ಹತ್ತಿರ ಏನೂ ಮುಚ್ಚಿಡೋಲ್ಲ” ಎಂದು ಹೆಮ್ಮೆಪಡುವ ತಾಯಂದಿರನ್ನು ಕಂಡರೆ ನನಗೆ ಸ್ವಲ್ಪ ಗಾಬರಿಯೇ. ಹದಿಮೂರು ಜನರಿದ್ದ ನಮ್ಮ ಮನೆಯಲ್ಲಿ ನನಗೊಂದು ತಗಡಿನ ಟ್ರಂಕು ಇತ್ತು, ಅದಕ್ಕೊಂದು ಪುಟ್ಟ ಬೀಗ. ಒಳಗೆ ನವಿಲುಗರಿ, ಬಣ್ಣದ ಗಾಜಿನ ಬಳೆಚೂರು, ಊರು ಬಿಟ್ಟು ಹೋದ ಗೆಳತಿಯ ಎರಡು ಇನ್‌ಲ್ಯಾಂಡ್ ಕಾಗದ. ಅಷ್ಟಕ್ಕೇ ಬೀಗ! ಅಮ್ಮನಿಗೆ ಬೀಗದ ಕೈ ಎಲ್ಲಿದೆಯೆಂದು ಗೊತ್ತಿತ್ತು, ಒಮ್ಮೆಯೂ ತೆಗೆದು ನೋಡಲಿಲ್ಲ. ಈಗಿನ ಮಕ್ಕಳಿಗೆ ಬೇರೆ ಕೋಣೆ ಇದ್ದರೂ ಅಂಥ ಟ್ರಂಕು ಇಲ್ಲ. ಬ್ಯಾಗು, ಡೈರಿ, ಮೊಬೈಲು ಎಲ್ಲವೂ ತಪಾಸಣೆಗೆ ಒಳಪಟ್ಟವೇ.

ನಮ್ಮ ಸಂಕಟ ಶುರುವಾಗುವುದು ಇನ್ನೊಂದು ಬಗೆಯ ಗುಟ್ಟಿನಿಂದ. ಅದನ್ನು ಇಟ್ಟುಕೊಂಡ ಮಗುವನ್ನೇ ಅದು ಒಳಗಿನಿಂದ ತಿನ್ನುತ್ತಿರುತ್ತದೆ.

ಬಿ.ಇಡಿ. ಓದುವಾಗ ನಮಗೆ ಶೈಕ್ಷಣಿಕ ಮನೋವಿಜ್ಞಾನ ಎಂಬ ಪತ್ರಿಕೆಯಿತ್ತು. ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಕೋಹ್ಲರನ ಚಿಂಪಾಂಜಿ ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾದೆವು. ಅಷ್ಟು ಪ್ರಾಣಿಗಳ ನಡುವೆ ಅಳುವ ಒಂದು ಮಗು ಇದ್ದ ನೆನಪು ನನಗಿಲ್ಲ. “ಮಕ್ಕಳಿಗೇನು ಚಿಂತೆ? ಉಂಡು ಓದಿಕೊಂಡಿರೋದಕ್ಕೇನು ಕಷ್ಟ?” ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಆದರೆ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಐವತ್ತು ಮಕ್ಕಳ ತರಗತಿಗೆ ಹಾಕಿ ನೋಡಿದರೆ ಮೂರೋ ನಾಲ್ಕೋ ಮಕ್ಕಳು. ಹಾಜರಿ ಕೂಗುವಾಗ ಅವರೂ “ಎಸ್ ಮಿಸ್” ಎನ್ನುತ್ತಾರೆ, ಧ್ವನಿಯಲ್ಲಿ ಏನೂ ತಿಳಿಯುವುದಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣ ತಾವೇ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳ ವರದಿ ಹೇಳುತ್ತದೆ. ಅವರಲ್ಲಿ ಎಷ್ಟು ಜನ ಯಾರ ಹತ್ತಿರವಾದರೂ “ಯಾರಿಗೂ ಹೇಳಬೇಡಿ” ಎಂದಿದ್ದರೋ!

ಒಂದು ಘಟನೆ ಹೇಳುತ್ತೇನೆ. ಗುಟ್ಟಿನ ವಿಷಯ ಬರೆಯುತ್ತಾ ಯಾರದೋ ಗುಟ್ಟನ್ನು ಬಯಲು ಮಾಡಬಾರದಲ್ಲ. ಹೆಸರು ಊರು ಬಿಟ್ಟು, ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಹತ್ತನೆಯ ತರಗತಿಯ ಹುಡುಗಿ. ದಿನವೂ ಎಲ್ಲರಿಗಿಂತ ಮೊದಲು ಬಂದು ಬೋರ್ಡಿನ ಮೇಲೆ ಸುಭಾಷಿತ ಬರೆಯುವುದು ಅವಳ ಕೆಲಸ. ಆ ಚಳಿಗಾಲದಲ್ಲಿ ಬರೆಯುವುದು ನಿಂತಿತು. ಕೇಳಿದರೆ ತಲೆನೋವು ಎಂದಳು. ಊಟಕ್ಕೆ ಕೂತರೂ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ನೋಡಿದಾಗ ಅರ್ಧಕ್ಕರ್ಧ ಖಾಲಿ. ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಬಹಳ ಹೊತ್ತಿನ ಮೇಲೆ, ನೆಲ ನೋಡುತ್ತಾ, “ರಾತ್ರಿ ಮಲಗಿದ್ರೆ ಬೆಳಿಗ್ಗೆ ಎದ್ದೇಳಬಾರದು ಅನ್ಸುತ್ತೆ ಮಿಸ್. ಯಾರಿಗೂ ಹೇಳಬೇಡಿ” ಎಂದಳು.

“ಸಾಯಬೇಕು ಅನ್ಸುತ್ತಾ ಪುಟ್ಟಿ?” ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳುವುದರಿಂದ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ. ಅವಳು ಹೌದೆಂದು ತಲೆಯಾಡಿಸಿದಳು. ನಂತರ ನನ್ನ ಕೈ ಹಿಡಿದುಕೊಂಡು, “ಆಣೆ ಮಾಡಿ” ಎಂದಳು.

“ಆಣೆ ಮಾಡಲ್ಲ ಕಣೇ. ಅಮ್ಮನಿಗೆ ಹೇಳಲೇಬೇಕು. ನೀನು ಹೇಳ್ತೀಯಾ, ನಾನು ಹೇಳಲಾ, ಇಬ್ಬರೂ ಸೇರಿ ಹೇಳೋಣ್ವಾ?”

ಅವಳು ಕೈ ಬಿಟ್ಟಳು. “ನಿಮ್ಮನ್ನ ನಂಬಿ ಹೇಳಿದ್ದೆ ಮಿಸ್” ಎಂದಳಷ್ಟೆ. ತಾಯಿ ಬರುವವರೆಗೆ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಆ ಒಂದೂವರೆ ಗಂಟೆ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತಾಯಿ ಬಂದರು, ಕೇಳಿದರು, ಅತ್ತರು. ಕಣ್ಣೊರೆಸಿಕೊಂಡು ಆಡಿದ ಮೊದಲ ಮಾತು: “ಮೇಡಂ, ದಯವಿಟ್ಟು ಯಾರಿಗೂ ಹೇಳಬೇಡಿ. ನಾಳೆ ಮದುವೆಯಾಗಬೇಕಾದ ಹುಡುಗಿ.” ಮಗಳು ಆಡಿದ ಮಾತನ್ನೇ ತಾಯಿಯೂ ಆಡಿದ್ದರು! ಮಕ್ಕಳು ಈ ವಾಕ್ಯವನ್ನು ಎಲ್ಲಿ ಕಲಿಯುತ್ತಾರೆಂದು ಆಗ ಹೊಳೆಯಿತು. ಅಪ್ಪನ ಸಾಲ, ಅತ್ತೆಯ ಜಗಳ, ಅಕ್ಕನ ಮುರಿದ ಸಂಬಂಧ ಎಲ್ಲವನ್ನೂ “ಹೊರಗೆ ಹೇಳಬೇಡ” ಎಂದೇ ನಾವು ಅವರಿಗೆ ಒಪ್ಪಿಸಿರುತ್ತೇವೆ. ಹಾಗೆ ಬೆಳೆದ ಮಗು ತನ್ನ ನೋವನ್ನೂ ಮನೆಯ ಮರ್ಯಾದೆಯ ಲೆಕ್ಕಕ್ಕೇ ಸೇರಿಸಿ ಒಳಗಿಟ್ಟುಕೊಳ್ಳುತ್ತದೆ.

ಹುಚ್ಚಾಸ್ಪತ್ರೆ ಎಂಬ ಮಾತಿಗೆ ಆ ತಾಯಿ ಹೆದರಿದ್ದರು. ಮನಸ್ಸಿನ ಕಾಯಿಲೆ ಎಂದರೆ ಬೆಂಗಳೂರಿಗೇ ಹೋಗಬೇಕು, ಊರಿಗೆಲ್ಲ ತಿಳಿಯುತ್ತದೆ ಎಂಬ ಭಯ ಬೇರೆ. ಹಾಗೇನಿಲ್ಲ. ಹಳ್ಳಿ, ತಾಲ್ಲೂಕಿನ ಆಸ್ಪತ್ರೆಗಳಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿಯೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿ ತೋರಿಸಿದ್ದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ತಾಲ್ಲೂಕು ಆಸ್ಪತ್ರೆಗೂ ವಾರಕ್ಕೊಮ್ಮೆ ಮನೋವೈದ್ಯರು ಬರುತ್ತಿದ್ದರು. ತಾಯಿ ಮಗಳು ಅಲ್ಲಿಗೆ ಹೋದರು. ಮಾತ್ರೆ, ಮಾತುಕತೆ ಎರಡೂ ತಿಂಗಳುಗಟ್ಟಲೆ ನಡೆದವು. ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆಯಲ್ಲ, ಅವಳು ಎರಡನೆಯದಕ್ಕೆ ಕೂತು ಪಾಸಾದಳು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಈಗಲೂ ಸಂತೆಯಲ್ಲಿ ಎದುರಾದರೆ ಒಮ್ಮೊಮ್ಮೆ ತಲೆಯಾಡಿಸುತ್ತಾಳೆ, ಒಮ್ಮೊಮ್ಮೆ ಸೊಪ್ಪಿನ ಕಡೆ ತಿರುಗಿಕೊಳ್ಳುತ್ತಾಳೆ. ತಿರುಗಿಕೊಳ್ಳಲಿ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳು ಇದ್ದಾಳೆ.

ಈಗ ಪುಣ್ಯಕೋಟಿಗೆ ಬರೋಣ. ಆ ಹಸು ಮಾತು ಕೊಟ್ಟು ಪಣಕ್ಕಿಟ್ಟದ್ದು ತನ್ನ ಪ್ರಾಣವನ್ನು. ಅದು ಅದರದು, ಇಡುವ ಹಕ್ಕು ಅದಕ್ಕಿತ್ತು. ಕರುವನ್ನು ಹುಲಿಯ ಬಳಿಗೆ ಕರೆದುಕೊಂಡು ಹೋಗಲಿಲ್ಲ. ತನ್ನವರ ಕೈಗೆ ಒಪ್ಪಿಸಿ ಹೋಯಿತು. ಹರಿಶ್ಚಂದ್ರನ ವಿಷಯ ಹಾಗಲ್ಲ. ಅವನ ಸತ್ಯಕ್ಕೆ ಹೆಂಡತಿ ಮಗ ಇಬ್ಬರೂ ಮಾರಾಟವಾದರು. ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸತ್ತ. ದೇವರು ಪ್ರತ್ಯಕ್ಷನಾಗಿ ಎಲ್ಲವನ್ನೂ ಸರಿಮಾಡಿದ, ನಿಜ. ಆದರೆ ಲೋಹಿತಾಶ್ವನನ್ನು ಯಾರು ಕೇಳಿದ್ದರು? ಒಂದು ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಆ ಮಗುವನ್ನೇ ಕಳೆದುಕೊಳ್ಳಬೇಕಾಗಿ ಬಂದರೆ, ಉಳಿದದ್ದು ನನ್ನ ಸತ್ಯಸಂಧತೆಯ ಹೆಸರು ಮಾತ್ರ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ನಮ್ಮ ಸ್ಮಶಾನದಲ್ಲಿ ದೇವರು ಪ್ರತ್ಯಕ್ಷನಾಗುವುದಿಲ್ಲ.

ಹಾಗೆಂದು ಗುಟ್ಟು ಒಡೆಯಲು ನಮಗೆ ಪರವಾನಗಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಸ್ಟಾಫ್ ರೂಮಿನಲ್ಲಿ ಟೀ ಜೊತೆ ಕಡಲೆಕಾಯಿ ಹಂಚಿದ ಹಾಗೆ ಮಕ್ಕಳ ಮನೆ ಕಥೆ ಹಂಚುವುದನ್ನು ಯಾವ ಶಾಲೆಯಲ್ಲಿ ಕಂಡಿಲ್ಲ? “ನಮ್ಮ ಶಾಲೆಯ ಒಬ್ಬ ಹುಡುಗಿ...” ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಶುರುವಾದರೆ ಇನ್ನೂರು ಕಣ್ಣುಗಳು ಆ ಹುಡುಗಿಯನ್ನು ಹುಡುಕಿಬಿಡುತ್ತವೆ. ಆ ತಾಯಿ ಕೇಳಿಕೊಂಡದ್ದನ್ನು ನಾನು ಉಳಿಸಿಕೊಂಡೆ. ಚಿಕಿತ್ಸೆಗೆ ಯಾರಿಗೆ ತಿಳಿಯಬೇಕೋ ಅವರಿಗೆ ತಿಳಿಯಿತು, ಬೇರೆ ಯಾರಿಗೂ ಇಲ್ಲ. ಗುಟ್ಟನ್ನು ಹೇಳುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇದನ್ನು ಕೇಳಿದವರು ಮಗುವಿಗೆ ಕೈ ಕೊಟ್ಟು ಎತ್ತಬಲ್ಲರೇ, ಅಥವಾ ಬರೀ ಬೆರಳು ತೋರಿಸುವರೇ?

ಕೆಲವು ಸಲ ಆ ಕಿವಿ ತಂದೆತಾಯಿಯರದೂ ಆಗಿರುವುದಿಲ್ಲ. ಮಗುವಿಗೆ ಮನೆಯವರಿಂದಲೋ ನೆಂಟರಿಂದಲೋ ಲೈಂಗಿಕ ಕಿರುಕುಳವಾಗುತ್ತಿದ್ದರೆ 2012ರ ಪೋಕ್ಸೊ ಕಾಯಿದೆ ನಮಗೆ ಆಯ್ಕೆಯನ್ನೇ ಬಿಟ್ಟಿಲ್ಲ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ. “ಮನೆ ಮರ್ಯಾದೆ” ಎಂದು ಯಾರಾದರೂ ಹೇಳಿದರೆ, ಮಗುವಿಗೂ ಒಂದು ಮರ್ಯಾದೆ ಇದೆ ಎಂದು ನಾವು ನೆನಪಿಸಬೇಕಾಗುತ್ತದೆ.

ಈಗ ನಾನು ಜೂನ್ ತಿಂಗಳಲ್ಲಿ ತರಗತಿ ಶುರುವಾದ ವಾರದಲ್ಲೇ ಮಕ್ಕಳಿಗೆ ಹೇಳಿಬಿಡುತ್ತೇನೆ: “ನೀವು ಹೇಳಿದ್ದನ್ನ ನಾನು ಯಾರ ಹತ್ತಿರವೂ ಆಡಿಕೊಳ್ಳೋಲ್ಲ. ಆದರೆ ನಿಮಗೆ ಅಪಾಯ ಆಗೋ ಅಂಥದ್ದಿದ್ದರೆ, ಸಹಾಯ ಮಾಡೋರಿಗೆ ಹೇಳ್ತೀನಿ. ಅವರಿಗೆ ಹೇಳೋ ಮೊದಲು ನಿಮಗೆ ಹೇಳ್ತೀನಿ.” “ಹೀಗೆ ಷರತ್ತು ಹಾಕಿದರೆ ಯಾವ ಮಗು ಬಾಯಿ ಬಿಡುತ್ತೆ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮಾತು ಸುಳ್ಳಲ್ಲ. ಒಬ್ಬ ಹುಡುಗ ಹೇಳಲು ಬಂದವನು, “ಹಾಗಾದ್ರೆ ಏನೂ ಇಲ್ಲ ಮಿಸ್” ಎಂದು ಹೊರಟುಹೋದ. ದಿನವೂ ನೋಟುಪುಸ್ತಕ ಜೋಡಿಸಿಕೊಡುವ ನೆಪದಲ್ಲಿ ನನ್ನ ಮೇಜಿನ ಹತ್ತಿರ ಬಂದು ಸುಳಿದಾಡುತ್ತಾನೆ, ಇನ್ನೂ ಹೇಳಿಲ್ಲ. ಅವನನ್ನು ಗಮನಿಸುತ್ತಾ ಕಾಯುತ್ತಿದ್ದೇನೆ. ಸುಳ್ಳು ಆಣೆ ಹಾಕಿ ಅವನ ಬಾಯಿ ಬಿಡಿಸಬಹುದಿತ್ತು. ಆಮೇಲೆ ಅವನು ಜೀವನದಲ್ಲಿ ಇನ್ಯಾರನ್ನು ನಂಬುತ್ತಿದ್ದ?

ತಾಯಂದಿರಲ್ಲಿ ನನ್ನದೊಂದು ವಿನಂತಿ. ಯಾರಾದರೂ ಟೀಚರು ನಿಮ್ಮನ್ನು ಕರೆಸಿ ಇಂಥ ವಿಷಯ ಹೇಳಿದರೆ, ಮನೆಗೆ ಹೋದ ಕೂಡಲೆ ಮಗುವನ್ನು “ನಮ್ಮ ಹತ್ತಿರ ಯಾಕೆ ಹೇಳಲಿಲ್ಲ?” ಎಂದು ವಿಚಾರಣೆ ಮಾಡಬೇಡಿ. ಮನೆಯಲ್ಲೇ ಮಗು ಮಾತು ತೆಗೆದರೆ, “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎನ್ನಬೇಡಿ. ಇತ್ತು, ಹೇಳುವವರಿರಲಿಲ್ಲ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನು ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಇವೆರಡನ್ನೂ ಕ್ಯಾಲೆಂಡರಿನ ಪಕ್ಕ, ಗ್ಯಾಸಿನ ನಂಬರಿನ ಕೆಳಗೆ, ಮಕ್ಕಳ ಕಣ್ಣಿಗೂ ಬೀಳುವ ಹಾಗೆ ಬರೆದಿಡಿ. ಮಗು ಅಡಿಗೆಮನೆ ಬಾಗಿಲಲ್ಲಿ ನಿಂತು, “ಅಮ್ಮಾ, ಒಂದು ವಿಷಯ...” ಎಂದಾಗ ಒಲೆ ಆರಿಸಿ ಕೂತು ಕೇಳಿಸಿಕೊಳ್ಳಿ. ಸಾರು ಹತ್ತು ನಿಮಿಷ ತಡವಾಗಿ ಕುದಿದರೂ ನಡೆಯುತ್ತದೆ.