ಹೊಸ ಮನೆ, ಮನೆದೇವರು ಮತ್ತು ಗೃಹಸ್ಥಧರ್ಮ

ಹಾಸನ ಸೀಮೆಯ ಕಟ್ಟಾಯದಂತಹ ಊರುಗಳನ್ನು ಬಿಟ್ಟು ಬೆಂಗಳೂರಿನಲ್ಲಿ ಮೊದಲ ಮನೆ ಹೂಡುವ ಎಳೆಯ ಸಂಸಾರಗಳಿಗೆ, ಧರ್ಮವು ನೆಲಕ್ಕೆ ಸೇರಿದ್ದೋ ನಡತೆಗೆ ಸೇರಿದ್ದೋ ಎಂಬ ಹಳೆಯ ಪ್ರಶ್ನೆ ಹೊಸದಾಗಿ ಎದುರಾಗುತ್ತದೆ. ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು, ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದೊಡನೆ ಕಟ್ಟಡವು ಮನೆಯಾಗುತ್ತದೆಂಬುದು ರೂಢಿಯ ನಂಬಿಕೆಯಾದರೂ, ಮನೆದೇವರು, ಅಂದರೆ ಮನೆತನವು ತಲೆಮಾರುಗಳಿಂದ ನಡೆದುಕೊಂಡು ಬಂದ ದೈವ, ಮೂಲಸ್ಥಾನದಲ್ಲೇ ನೆಲೆಸಿರುವುದರಿಂದ, ಮಗುವಿನ ಮುಡಿ ಕೊಡಲು, ಹರಕೆ ತೀರಿಸಲು ಊರಿಗೇ ಹೋಗಬೇಕಾಗುತ್ತದೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಷ್ಟೇ ಗುಡಿಯ ಬಾಗಿಲು ತೆರೆಯುವ ಹಾಸನದ ದೇವತೆ ಹಾಸನಾಂಬೆಯ ದರ್ಶನಕ್ಕೂ ದೂರದ ಮಕ್ಕಳು ಮರಳಿ ಬರುತ್ತಾರೆ. ಇದಕ್ಕೆ ಎದುರಾಗಿ 12ನೆಯ ಶತಮಾನದ ಶಿವಭಕ್ತರಾದ ಶರಣರು ಸ್ಥಾವರಕ್ಕಿಂತ, ಎಂದರೆ ನೆಲೆನಿಂತದ್ದಕ್ಕಿಂತ, ಚಲಿಸುವ ಜಂಗಮವನ್ನು ಹಿರಿದೆಂದು ಬಗೆದು, ಇಷ್ಟಲಿಂಗವೆಂಬ ಪುಟ್ಟ ಲಿಂಗವನ್ನು ಮೈಮೇಲೆಯೇ ಧರಿಸಿ, ಪೂಜೆಯನ್ನು ಸ್ಥಳದ ಹಂಗಿನಿಂದ ಬಿಡಿಸಿದರು. ಈ ಎರಡು ನಿಲುವುಗಳನ್ನು ಬೆಸೆಯುವ ದಾರಿ ಗೃಹಸ್ಥಧರ್ಮದಲ್ಲಿದೆ: ಧರ್ಮಶಾಸ್ತ್ರಗಳು ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಪಿತೃಯಜ್ಞವು ಹಿರಿಯರ ಸ್ಮರಣೆಯಾಗಿ ಊರಿನ ಕಡೆಗೆ ಮುಖ ಮಾಡಿದರೆ, ಮನುಷ್ಯಯಜ್ಞವೆಂಬ ಅತಿಥಿಸತ್ಕಾರವು ಇಂದು ಬಾಗಿಲಿಗೆ ಬಂದವರ ಕಡೆಗೆ ಮುಖ ಮಾಡುತ್ತದೆ. ಆದುದರಿಂದ ಬಾಡಿಗೆಯದಾಗಲಿ ಸ್ವಂತದ್ದಾಗಲಿ, ಹಿರಿಯರ ಋಣವನ್ನು ಮರೆಯದೆ ಅಪರಿಚಿತ ನೆರೆಯವರಿಗೂ ಅನ್ನನೀರು ಕೊಡುವ ಮನೆಯಲ್ಲೇ ಧರ್ಮವು ನೆಲೆಗೊಳ್ಳುತ್ತದೆ.